ಕೊಡುಗೈ ಕರೆಂಟು

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳಿದ್ದು ದಾನದ ವಿಷಯದಲ್ಲಿ. ಅನ್ನ ಹಾಕಿದವರು, ಅಕ್ಷರ ಕಲಿಸಿದವರು, ರಕ್ತ ಕೊಟ್ಟವರು, ಶಾಲೆಗೆ ಒಂದು ಫ್ಯಾನು ಕೊಟ್ಟು ಅದರ ಮೂರು ರೆಕ್ಕೆಗೂ ಹೆಸರು ಬರೆಸಿದವರು, ಎಲ್ಲರಿಗೂ ನಮ್ಮ ಜಿಲ್ಲೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಸಂದಾಯವಾಗಿದೆ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಊರೂರಲ್ಲಿ, ಹಾಸ್ಟೆಲ್ ಹಾಸ್ಟೆಲ್‌ನಲ್ಲಿ, ಪಕ್ಕದಲ್ಲಿ ಕೂತವನಿಗೆ ಸದ್ದಿಲ್ಲದೆ ಕರೆಂಟು ಕೊಡುತ್ತ ಬಂದಿರುವ ಮಹನೀಯರನ್ನು ಈವರೆಗೆ ಯಾವ ಸಂಘವೂ ವೇದಿಕೆಗೆ ಕರೆದಿಲ್ಲ. ಈ ಅನ್ಯಾಯ ಸರಿಪಡಿಸಲು ಯಾರಾದರೂ ಒಬ್ಬರು ಪೆನ್ನು ಹಿಡಿಯಲೇಬೇಕಿತ್ತು. ಪೆನ್ನನ್ನು ನಾನೇ ಕೊಂಡು ತಂದಿದ್ದೇನೆ. ಈ ಮಹನೀಯರು ಪ್ರೀತಿಯಿಂದ ಕೊಟ್ಟ ಪೆನ್ನಿನ ಕ್ಯಾಪು ಎಳೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು.

ಸರ್ಕಾರ ಕರೆಂಟನ್ನು ಪುಕ್ಕಟೆ ಕೊಡಲು ಹೊರಟಾಗ ಎಷ್ಟು ರಗಳೆ ಆಯಿತು ನೆನಪಿಸಿಕೊಳ್ಳಿ. 2023ರ ಗೃಹಜ್ಯೋತಿಗೆ ಸೇವಾಸಿಂಧುವಿನಲ್ಲಿ ಅರ್ಜಿ, ಆಧಾರ್, ಆರ್.ಆರ್. ನಂಬರು, ಹಿಂದಿನ ವರ್ಷದ ಸರಾಸರಿ, ಇಷ್ಟೆಲ್ಲ ಆದಮೇಲೂ 200 ಯೂನಿಟ್ಟಿನ ಗೆರೆ. ನಮ್ಮ ದಾನಿಯ ಬಳಿ ಅರ್ಜಿಯಿಲ್ಲ, ಸರಾಸರಿಯಿಲ್ಲ. ಬೇಡಿದವರಿಗೆ ಯಾರಾದರೂ ಕೊಟ್ಟಾರು. ಈತ ಬೇಡದವರಿಗೆ ಕೊಡುತ್ತಾನೆ, ಬೇಡ ಬೇಡ ಎಂದು ಓಡುವವರನ್ನು ಅಟ್ಟಿಸಿಕೊಂಡು ಹೋಗಿ ಕೊಡುತ್ತಾನೆ. ಹಬ್ಬಕ್ಕೆ ಬಂದ ಭಾವಮೈದುನನಿಗೆ ಕೊಡುತ್ತಾನೆ. ಹೊಸದಾಗಿ ಹಾಸ್ಟೆಲ್ ಸೇರಿದ ಹಳ್ಳಿ ಹುಡುಗನಿಗಂತೂ ಮೊದಲ ಪಂಕ್ತಿಯಲ್ಲೇ ಬಡಿಸುತ್ತಾನೆ.

ದಾನದ ಪ್ರಕಾರಗಳು ಹಲವು. ಶುರುವಾಗುವುದು ಸಾಧಾರಣವಾಗಿ ಸೊಳ್ಳೆ ಬ್ಯಾಟಿನಿಂದ. ಇರುವೆಯನ್ನೂ ನೋಯಿಸಬಾರದೆಂಬ ಧರ್ಮ ಸಾವಿರ ವರ್ಷಗಳಿಂದ ಬೆಟ್ಟದ ಮೇಲೆ ನಿಂತಿರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಮನೆಯಲ್ಲಿ ಎಂಟು ವರ್ಷದ ಬಾಲಕ ಸೊಳ್ಳೆಗಳನ್ನು ಮುಗಿಸಿ, ಬ್ಯಾಟನ್ನು ತಂಗಿಯ ಮೊಣಕೈಗೆ ಒತ್ತುತ್ತಾನೆ. ಗುಂಡಿ ಬಿಟ್ಟ ಮೇಲೂ ಬ್ಯಾಟಿನ ಬಲೆಯಲ್ಲಿ ಸ್ವಲ್ಪ ಹೊತ್ತು ಚಾರ್ಜು ಉಳಿದಿರುತ್ತದೆ ಎಂಬ ವಿಜ್ಞಾನವನ್ನು ಪಠ್ಯಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲೇ ಆ ಕೂಸಿಗೆ ಕಲಿಸಿದ ಶ್ರೇಯಸ್ಸು ಅಣ್ಣನದು. ಮುಂದೆ ಗ್ಯಾಸ್ ಲೈಟರಿನ ಹೊಟ್ಟೆ ಬಗೆದು ತೆಗೆದ ಕಿಡಿಗುಂಡಿ. ಅದರಾಚೆಗೆ ಕೆಟ್ಟ ಫ್ಯಾನಿನ ಕಂಡೆನ್ಸರು: 'ಹಿಡ್ಕೊಳೋ' ಎಂದು ಎಸೆದರೆ ಕ್ರಿಕೆಟ್ ಆಡಿದ ಕೈ ತನ್ನಷ್ಟಕ್ಕೆ ಮುಂದೆ ಬರುತ್ತದೆ. ಕೊನೆಗೆ ಬಾಗಿಲ ಚಿಲಕ, ಬಕೆಟ್ಟಿನ ಹಿಡಿ, ಬೈಕಿನ ಸೀಟು. ಈ ಮಟ್ಟ ಮುಟ್ಟಿದವನಿಗೆ ಊರಲ್ಲಿ ಡಿಗ್ರಿಯ ಅಗತ್ಯ ಬೀಳುವುದಿಲ್ಲ. 'ನಮ್ಮ ಹುಡುಗ ಎಲೆಕ್ಟ್ರಿಕಲ್‌ನಲ್ಲಿ ಬಲೇ ಚುರುಕು' ಎಂದು ಅಪ್ಪನೇ ಸರ್ಟಿಫಿಕೇಟು ಕೊಡುತ್ತಾನೆ.

ಇದನ್ನು ಹುಡುಗಾಟ ಎಂದು ಮೂಗು ಮುರಿಯುವವರಿಗೆ ಪರಂಪರೆಯ ಅರಿವಿಲ್ಲ. 1746ರಲ್ಲಿ ಫ್ರಾನ್ಸಿನ ಪಾದ್ರಿ ನೋಲೆ ಎಂಬ ಪಂಡಿತ, ಹದಿನೈದನೆಯ ಲೂಯಿ ದೊರೆಯ ಎದುರು 180 ಮಂದಿ ಸೈನಿಕರನ್ನು ಕೈ ಕೈ ಹಿಡಿಸಿ ನಿಲ್ಲಿಸಿ, ಚಾರ್ಜು ತುಂಬಿದ ಲೈಡನ್ ಜಾಡಿಯನ್ನು ಅವರ ಮೂಲಕ ಖಾಲಿ ಮಾಡಿದ. ಅಷ್ಟೂ ಜನ ಒಟ್ಟಿಗೆ ಎಗರಿದ್ದನ್ನು ನೋಡಿ ಆಸ್ಥಾನ ಖುಷಿಪಟ್ಟಿತು. ಆಮೇಲೆ ಮಠದ ಸುಮಾರು 200 ಸನ್ಯಾಸಿಗಳ ಸಾಲಿಗೂ ಅದೇ ಪ್ರಸಾದವಾಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ರಾಜನ ಪಟವೊಂದಕ್ಕೆ ಚಾರ್ಜು ಕೊಟ್ಟು, ಅದರ ಚಿನ್ನದ ಬಣ್ಣದ ಕಿರೀಟ ತೆಗೆಯಲು ಕೈ ಹಾಕಿದವನಿಗೆ ಶಾಕು ಹೊಡೆಯುವಂತೆ ಮಾಡುವ ಆಟವೊಂದನ್ನು ವರ್ಣಿಸಿ ಬರೆದಿದ್ದ. ನಮ್ಮವರ ಬಾಗಿಲ ಚಿಲಕ ಈ ಕಿರೀಟದ ಮೊಮ್ಮಗು.

ಆದರೆ ಹಳಬರಿಗೂ ನಮ್ಮವರಿಗೂ ಒಂದು ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ಹಳಬರು ಸ್ವಲ್ಪ ಪುಕ್ಕಲರು. ಲೈಡನ್ನಿನ ಮುಷೆನ್‌ಬ್ರೂಕ್ ತನ್ನ ಜಾಡಿಯ ಏಟು ತಾನೇ ತಿಂದವನು. ಇಡೀ ಫ್ರಾನ್ಸ್ ದೇಶವನ್ನೇ ಕೊಡುತ್ತೇನೆಂದರೂ ಇನ್ನೊಮ್ಮೆ ಆ ಕೆಲಸಕ್ಕೆ ಕೈಹಾಕೆನೆಂದು ಸ್ನೇಹಿತನಿಗೆ ಕಾಗದ ಬರೆದ. ಫ್ರಾಂಕ್ಲಿನ್ 1750ರ ಕ್ರಿಸ್‌ಮಸ್ ಹೊತ್ತಿಗೆ ಟರ್ಕಿ ಕೋಳಿಯನ್ನು ಕರೆಂಟಿನಿಂದ ಕೊಲ್ಲಲು ಹೋಗಿ, ಕೋಳಿಯ ಪಾಲನ್ನು ತಾನೇ ತೆಗೆದುಕೊಂಡು ಪ್ರಜ್ಞೆ ತಪ್ಪಿದ. ನಾಚಿಕೆಪಡುತ್ತಲೇ ಅದನ್ನು ಬರೆದೂ ಇಟ್ಟ. ಪೀಟರ್ಸ್‌ಬರ್ಗಿನ ರಿಶ್‌ಮನ್ 1753ರಲ್ಲಿ ಸಿಡಿಲನ್ನು ಅಳೆಯಲು ಹೋಗಿ ಸತ್ತೇ ಹೋದ. ಪ್ರಯೋಗವನ್ನು ಮೊದಲು ತಮ್ಮ ಮೈಮೇಲೆ ತಂದುಕೊಳ್ಳುವ ಈ ಸ್ವಾರ್ಥವನ್ನು ನಮ್ಮ ನಾಲ್ಕು ತಾಲ್ಲೂಕಿನ ಕಲಾವಿದರು ಸಂಪೂರ್ಣವಾಗಿ ಗೆದ್ದಿದ್ದಾರೆ. ಅವರು ತಮಗೆಂದು ಏನನ್ನೂ ಇಟ್ಟುಕೊಳ್ಳುವವರಲ್ಲ.

ಲೆಕ್ಕದ ವಿಷಯಕ್ಕೆ ಬರೋಣ. ಮೈಯಲ್ಲಿ ಹರಿಯುವ ಕರೆಂಟು ಒಂದು ಮಿಲಿ ಆಂಪಿಯರ್ ಇದ್ದಾಗ ಜುಮ್ ಎನ್ನುತ್ತದೆ. ಹತ್ತರ ಆಸುಪಾಸಿನಲ್ಲಿ ಮುಷ್ಟಿ ತಾನಾಗಿ ಬಿಗಿದುಕೊಳ್ಳುತ್ತದೆ. ಜನ 'ಎಳ್ಕೊಂಡುಬಿಡ್ತು' ಎನ್ನುವುದು ಇದನ್ನೇ. ಕರೆಂಟೇನೂ ಎಳೆಯುವುದಿಲ್ಲ, ತಂತಿಯನ್ನು ಬಿಡಲಾಗದಂತೆ ಹಿಡಿದಿರುವುದು ನಮ್ಮದೇ ಸ್ನಾಯು. ಮೂವತ್ತು ದಾಟಿ, ಒಂದೆರಡು ಸೆಕೆಂಡು ಹಾಗೇ ನಿಂತರೆ ಹೃದಯ ತಾಳ ತಪ್ಪಿ ಕಂಪಿಸತೊಡಗಬಹುದು. ನಡುಮನೆಯಲ್ಲಿ ಉರಿಯುವ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವುದು ಸುಮಾರು ನಲವತ್ತು ಮಿಲಿ ಆಂಪಿಯರು. ಅಂದರೆ ಒಂದು ಬಡ ಬಲ್ಬು ಉರಿಸುವಷ್ಟು ಕರೆಂಟಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ಆರಿಸಬಹುದು. ಇಷ್ಟು ಮಿತವ್ಯಯದ ಕಲೆ ಇನ್ನೊಂದಿದೆಯೇ?

'ಎಂಸಿಬಿ ಹಾಕ್ಸಿದೀವಲ್ಲ' ಎಂದು ನಡುವೆ ಬಾಯಿ ಹಾಕುವವರಿರುತ್ತಾರೆ. ಪಾಪ. ಹದಿನಾರು ಆಂಪಿನ ಎಂಸಿಬಿಗೆ ನಲವತ್ತು ಮಿಲಿ ಆಂಪು ಎಂದರೆ ತೇರು ಎಳೆಯುವವರ ನಡುವೆ ಒಂದು ಇರುವೆ. ಅದು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವ ಪೆಟ್ಟಿಗೆ ಬೇರೆ, ಆರ್‌ಸಿಸಿಬಿ ಎಂದು ಅದರ ಹೆಸರು. ಹೋದ ಕರೆಂಟಿಗೂ ಹಿಂತಿರುಗಿದ ಕರೆಂಟಿಗೂ 30 ಮಿಲಿ ಆಂಪಿನ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕಡಿದು ಹಾಕುತ್ತದೆ. ಮನೆ ಕಟ್ಟುವಾಗ ಗ್ರಾನೈಟಿಗೆ ಲಕ್ಷ ಸುರಿದವರು ಈ ಪೆಟ್ಟಿಗೆಯ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ದಾನಿಗೆ ಸಮಾಜ ಕೊಡುತ್ತಿರುವ ಮೌನ ಪ್ರೋತ್ಸಾಹ ಅದು. ಆತ ಅದನ್ನು ಎಂದೂ ಮರೆಯುವುದಿಲ್ಲ.

ಈಗ ಹಿರಿಯರ ಮಾತಿಗೆ ಅರ್ಥ ಹೊಳೆಯುತ್ತದೆ. ಬಲಗೈಗೆ ಕೊಟ್ಟದ್ದು ಎಡಗೈಗೆ ಹೋಗಬೇಕಾದರೆ ನಡುವೆ ಎದೆ ಹಾಯಬೇಕು. ಅದಕ್ಕೇ ಹಳೆಯ ರೇಡಿಯೋ, ಟಿ.ವಿ. ರಿಪೇರಿಯವರು ಚಾಲೂ ಇರುವ ಸೆಟ್ಟಿಗೆ ಒಂದೇ ಕೈ ಹಾಕಿ, ಇನ್ನೊಂದನ್ನು ಪ್ಯಾಂಟಿನ ಜೇಬಿನಲ್ಲೋ ಬೆನ್ನ ಹಿಂದೆಯೋ ಇಟ್ಟುಕೊಳ್ಳುತ್ತಿದ್ದರು. ನೋಡಿದವರಿಗೆ ಅದು ಗತ್ತಿನಂತೆ ಕಾಣುತ್ತಿತ್ತು. ನಮ್ಮ ದಾನಿ ಇಂಥ ಜಿಪುಣತನ ಮಾಡುವುದಿಲ್ಲ. 'ಎರಡೂ ಕೈಯಲ್ಲಿ ಹಿಡ್ಕೊ, ಗಟ್ಯಾಗಿ ಹಿಡ್ಕೊ' ಎನ್ನುತ್ತಾನೆ. ಹಿಡಿದವನ ಅಂಗೈ ಒಣಗಿದೆಯೋ ಬೆವರಿದೆಯೋ, ಎದೆಯಲ್ಲಿ ಡಾಕ್ಟರು ಪೇಸ್‌ಮೇಕರ್ ಇಟ್ಟಿದ್ದಾರೋ, ಬೆನ್ನ ಹಿಂದೆ ಮೆಟ್ಟಿಲಿದೆಯೋ, ಇದನ್ನೆಲ್ಲ ವಿಚಾರಿಸುವುದು ದಾನಕ್ಕೆ ಶೋಭೆಯಲ್ಲ. ಒಣ ಚರ್ಮ ಕೊಡುವ ತಡೆ ಒದ್ದೆಯಾದಾಗ ಎಷ್ಟೋ ಪಟ್ಟು ಇಳಿದುಹೋಗುತ್ತದೆ. ಸಂಕ್ರಾಂತಿಯಲ್ಲಿ ನಗು ತರಿಸಿದ ಅದೇ ಆಟ ಆಷಾಢದ ಜಡಿಮಳೆಯಲ್ಲಿ ಬೇರೆಯೇ ಫಲ ಕೊಟ್ಟರೆ ಆತ ಏನು ಮಾಡಲಾದೀತು? ಹವಾಮಾನ ಅವನ ಕೈಯಲ್ಲಿಲ್ಲ.

ಪಡೆದವನು 'ಅವ್ವಾ' ಎಂದು ಹಾರಿದ ಕ್ಷಣದಲ್ಲಿ ಸುತ್ತಲಿದ್ದವರು ನಗುತ್ತಾರೆ, ಒಬ್ಬ ಮೊಬೈಲಿನಲ್ಲಿ ಹಿಡಿಯುತ್ತಾನೆ, ಅದು ಸ್ಟೇಟಸ್ ಆಗುತ್ತದೆ. ಅವನ ಭುಜ ಉಳುಕಿದ್ದು, ಹಾರುವಾಗ ತಲೆ ಮಂಚದ ಮೂಲೆಗೆ ಬಡಿದದ್ದು, ಸಂಜೆಗೆ ಮೂತ್ರ ಕಪ್ಪಗೆ ಹೋದದ್ದು ಸ್ಟೇಟಸ್‌ನಲ್ಲಿ ಬರುವುದಿಲ್ಲ. ಜೋರು ಶಾಕಿನಲ್ಲಿ ಹೊರಗೆ ಹುಣಿಸೆಬೀಜದಷ್ಟು ಸುಟ್ಟ ಗುರುತು ಇದ್ದು, ಒಳಗೆ ಸ್ನಾಯು ಬೆಂದು ಅದರ ಕಸ ಮೂತ್ರಪಿಂಡಕ್ಕೆ ಹೋಗಿ ಕೂರುವುದುಂಟು. ಡಾಕ್ಟರು ಇಸಿಜಿ ಬರೆದು 'ರಾತ್ರಿ ಇಲ್ಲೇ ಇರಲಿ' ಎನ್ನುವುದು ಬೆಡ್ಡು ತುಂಬಿಸಲಿಕ್ಕಲ್ಲ.

ಇಂಥ ಉದಾರಿಗಳ ನಡುವೆಯೇ, ಅದೇ ಊರುಗಳಲ್ಲಿ, ಇನ್ನೊಂದು ಜಾತಿಯ ಹುಡುಗ ಹುಡುಗಿಯರಿದ್ದಾರೆ. ಇವರನ್ನು ಖಂಡಿಸದೆ ಮುಂದೆ ಹೋಗುವುದು ನನ್ನಿಂದಾಗದು. ಇವರೂ ಎಲೆಕ್ಟ್ರಾನಿಕ್ಸ್ ಎನ್ನುತ್ತಾರೆ, ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಅಲೆದು ಕೈಚೀಲ ತುಂಬಿಸಿಕೊಂಡು ಬರುತ್ತಾರೆ, ಆದರೆ ಎದೆಗಾರಿಕೆ ಸೊನ್ನೆ. ಹಾಸನದ ಮಕ್ಕಳ ವಿಜ್ಞಾನ ಮೇಳಕ್ಕೆ ಹೋದರೆ ಇವರು ಮಾಡಿಟ್ಟಿರುವುದು ಏನು? ಆಲೂಗೆಡ್ಡೆ ಬ್ಯಾಟರಿ! ಮಾರುಕಟ್ಟೆಯಲ್ಲಿ ಲಾರಿಗಟ್ಟಲೆ ಆಲೂಗೆಡ್ಡೆ ಕಂಡ ಜಿಲ್ಲೆಯ ಮಕ್ಕಳು ಒಂದು ಗೆಡ್ಡೆಗೆ ತಾಮ್ರವನ್ನೂ ಸತುವನ್ನೂ ಚುಚ್ಚಿ, ಒಂದು ವೋಲ್ಟಿಗೂ ಕಡಿಮೆ ಬಂದದ್ದಕ್ಕೆ ಚಪ್ಪಾಳೆ ತಟ್ಟಿಕೊಳ್ಳುತ್ತಾರೆ. ನಾಲ್ಕು ಗೆಡ್ಡೆ ಸಾಲಾಗಿ ಜೋಡಿಸಿ ಚಿಕ್ಕ ಎಲ್‌ಇಡಿ ಮಿಣುಕಿಸಿದರೆ ಅದಕ್ಕೊಂದು ಬಹುಮಾನ. ಯಾರೂ ಹಾರಲಿಲ್ಲ, ಯಾರೂ ಕಿರುಚಲಿಲ್ಲ. ಇದೊಂದು ಪ್ರದರ್ಶನವೇ?

ದೊಡ್ಡವರಾದ ಮೇಲೂ ಇವರ ಪುಕ್ಕಲು ಹೋಗುವುದಿಲ್ಲ. ಒಂಬತ್ತು ವೋಲ್ಟಿನ ಬ್ಯಾಟರಿ, ಐದು ವೋಲ್ಟಿನ ಅಡಾಪ್ಟರು, ಇಷ್ಟರಲ್ಲೇ ರೇಡಿಯೋ ಹಾಡಿಸುತ್ತಾರೆ, ತೋಟದ ಮಣ್ಣಿನ ತೇವ ಅಳೆಯುವ ಯಂತ್ರ ಮಾಡುತ್ತಾರೆ. ಮೇನ್ಸ್ ಮುಟ್ಟಲೇಬೇಕಾದಾಗ ಇವರ ನಾಟಕ ನೋಡಬೇಕು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳುತ್ತಾರೆ. ಕಂಡೆನ್ಸರನ್ನು ಸ್ಕ್ರೂಡ್ರೈವರಿನಿಂದ ಚಟಾರನೆ ಸಿಡಿಸುವ ಮಜಾ ಬಿಟ್ಟು, ರೆಸಿಸ್ಟರ್ ಹಚ್ಚಿ ನಿಧಾನಕ್ಕೆ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಾಣುವವರೆಗೆ ಕೈ ಕಟ್ಟಿ ಕೂರುತ್ತಾರೆ. ಟೆಸ್ಟರಿನ ನಿಯಾನ್ ಹೊತ್ತಲಿಲ್ಲವೆಂದು ನಂಬುವುದಿಲ್ಲ. ಹೊತ್ತುವ ಕಡೆ ಒಮ್ಮೆ ಮುಟ್ಟಿಸಿ ಟೆಸ್ಟರೇ ಬದುಕಿದೆಯೇ ಎಂದು ನೋಡಿ ಬರುತ್ತಾರೆ. ಹಳೆ ಮೈಕ್ರೋವೇವ್ ಓವನ್ನು ಪುಕ್ಕಟೆ ಸಿಕ್ಕರೂ ಬಿಚ್ಚುವುದಿಲ್ಲ, ಅದರೊಳಗಿನ ಟ್ರಾನ್ಸ್‌ಫಾರ್ಮರು ಎರಡು ಸಾವಿರ ವೋಲ್ಟಿನದು, ಅದಕ್ಕೆ ಎರಡನೇ ಅವಕಾಶ ಕೊಡುವ ಅಭ್ಯಾಸವಿಲ್ಲ ಎಂದು ಹೇಳುತ್ತಾರೆ. ಮೈಕ್ರೋವೇವಿನ ಅದೇ ಭಾಗದಿಂದ ಮರದ ಹಲಗೆಯ ಮೇಲೆ ಮಿಂಚಿನ ಚಿತ್ತಾರ ಸುಡುವ ಹವ್ಯಾಸ ಅಮೆರಿಕದಲ್ಲಿ ಎಷ್ಟು ಜನರ ಪ್ರಾಣ ತೆಗೆಯಿತೆಂದರೆ, ಅಲ್ಲಿನ ಮರ ಕಡೆಯುವವರ ಸಂಘ 2017ರಲ್ಲಿ ತನ್ನ ಕಾರ್ಯಕ್ರಮಗಳಿಂದ ಅದನ್ನು ನಿಷೇಧಿಸಿತು. ಪುಕ್ಕಲು ಎಲ್ಲ ದೇಶದಲ್ಲೂ ಇದೆ, ನಮ್ಮಲ್ಲಿ ಮಾತ್ರವಲ್ಲ. ಮಾತು ಮುಗಿಸುವ ಮೊದಲು ಇವರ ಇನ್ನೊಂದು ಕೆಟ್ಟ ಚಟವನ್ನೂ ಹೇಳಿಬಿಡುತ್ತೇನೆ: ಒಬ್ಬರೇ ಇದ್ದಾಗ ಹೈ ವೋಲ್ಟೇಜಿನ ಕೆಲಸಕ್ಕೆ ಕೂರುವುದಿಲ್ಲ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಮೇನ್ ಸ್ವಿಚ್ ಎಲ್ಲಿದೆಯೆಂದು ತೋರಿಸಿ, 'ಏನಾದ್ರೂ ಆದ್ರೆ ನನ್ನನ್ನ ಮುಟ್ಟಬೇಡ, ಮೊದಲು ಅದನ್ನ ಇಳಿಸು' ಎಂದು ಹೇಳಿಕೊಡುತ್ತಾರೆ.

ಹಾಸನದ ಸಾಲಗಾಮೆ ರಸ್ತೆಗೆ ಹೋದರೆ ಈ ರೋಗದ ಉಲ್ಬಣಾವಸ್ಥೆ ಕಾಣಬಹುದು. ಅಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹಗಳನ್ನು ಅಲ್ಲಿಂದ ಅಂಕೆಯಲ್ಲಿಟ್ಟಿದ್ದಾರೆ. ಒಂದು ಆಜ್ಞೆ ಮೇಲಕ್ಕೆ ಕಳಿಸುವ ಮುನ್ನ ತಾಳೆ ನೋಡುವ ಜನ. ಅದೇ ಊರಿನಲ್ಲಿ ಮೂರು ಮೀಟರ್ ದೂರದ ಸ್ನೇಹಿತನ ಮೇಲೆ ನಮ್ಮ ದಾನಿ ಯಾವ ತಾಳೆಯನ್ನೂ ನೋಡದೆ ಪ್ರಯೋಗ ನಡೆಸುತ್ತಾನೆ. ಯಾರ ಆತ್ಮವಿಶ್ವಾಸ ದೊಡ್ಡದೆಂದು ಓದುಗರೇ ತೀರ್ಮಾನಿಸಲಿ.

ಹಾಸ್ಟೆಲ್ ಬಿಟ್ಟ ಮೇಲೆ ಪ್ರತಿಭೆ ಎಲ್ಲಿಗೆ ಹೋಗುತ್ತದೆ ಎಂಬ ಆತಂಕ ಬೇಡ. ಹೊಲಕ್ಕೆ ಹೋಗುತ್ತದೆ. ಅರಕಲಗೂಡಿನ ಕೊಡಗು ಗಡಿಯ ಕಡೆ ಮುಸುಕಿನ ಜೋಳ, ಶುಂಠಿ, ಆಲೂಗೆಡ್ಡೆ ಬೆಳೆದವರಿಗೆ ಹಂದಿ ಕಾಟ ನಿಜ, ಆನೆ ಕಾಟ ಇನ್ನೂ ನಿಜ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುವುದನ್ನು ನೋಡಿದವರನ್ನು ಹೊರಗಿನವರು ಲೇವಡಿ ಮಾಡಬಾರದು, ನಾನೂ ಮಾಡುವುದಿಲ್ಲ. ಇಂಥವರಿಗಾಗಿ ಸೋಲಾರ್ ಬೇಲಿ ಎಂಬುದಿದೆ. ಬ್ಯಾಟರಿಯಿಂದ ನಡೆಯುವ ಎನರ್ಜೈಸರು ಸಾವಿರಾರು ವೋಲ್ಟು ಹೊಮ್ಮಿಸುತ್ತದೆ, ಆದರೆ ಸೆಕೆಂಡಿಗೊಂದು ಮಿಡಿತ ಮಾತ್ರ, ಅದೂ ಕ್ಷಣದ ಒಂದು ಚೂರು. ಎರಡು ಮಿಡಿತದ ನಡುವೆ ಬಿಡಿಸಿಕೊಂಡು ಓಡಲು ಹಂದಿಗೂ ಪುರುಸೊತ್ತು, ದಾರಿ ತಪ್ಪಿದ ಮಗುವಿಗೂ ಪುರುಸೊತ್ತು. ಈ 'ಪುರುಸೊತ್ತು' ಎಂಬುದೇ ನಮ್ಮ ಕಲಾವಿದನಿಗೆ ಹಿಡಿಸುವುದಿಲ್ಲ. 'ಸೋಲಾರ್‌ಗೆ ಯಾಕಣ್ಣ ದುಡ್ಡು, ಪಂಪ್‌ಸೆಟ್ ಲೈನಿದೆಯಲ್ಲ' ಎಂದು ಆತ 230 ವೋಲ್ಟನ್ನು ಬಿಡುವಿಲ್ಲದೆ ಬೇಲಿಗೆ ಸುರಿಯುತ್ತಾನೆ. ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ಕರೆಂಟು, ಮುಟ್ಟಿದವರನ್ನು ಮಾತ್ರ ಒಂದೇ ದಿಕ್ಕಿಗೆ ಕಳಿಸುತ್ತದೆ.

ಅಲ್ಲಿ ಫಲಾನುಭವಿಗಳ ಆಯ್ಕೆಯಲ್ಲಿ ಪಕ್ಷಪಾತವಿಲ್ಲ. ಹಂದಿಗೆ ಇಟ್ಟದ್ದು ಎಮ್ಮೆಗೆ ಸಲ್ಲುತ್ತದೆ. ಪಕ್ಕದ ಹೊಲದವನು ರಾತ್ರಿ ತ್ರೀ ಫೇಸ್ ಬಂದಾಗ ನೀರು ಕಟ್ಟಲು ಹೊರಟವನು ಪಡೆಯುತ್ತಾನೆ. ಎಷ್ಟೋ ಸಲ ತಂತಿ ಎಳೆದವನೇ ಬೆಳಗಿನ ಮಬ್ಬಿನಲ್ಲಿ ಅದನ್ನು ತೆಗೆಯಲು ಮರೆತು ಬಂದು ಪಡೆಯುತ್ತಾನೆ. ದಸರಾ ಮೆರವಣಿಗೆಯಲ್ಲಿ ನಡೆದಿದ್ದ ಅಶ್ವತ್ಥಾಮ ಎಂಬ ಆನೆ, 2017ರಲ್ಲಿ ನಮ್ಮದೇ ಸಕಲೇಶಪುರದ ಕಡೆ ಹಿಡಿದು ಪಳಗಿಸಿದ್ದು, 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದ ಬಳಿ ಸೋಲಾರ್ ಬೇಲಿಯ ತಂತಿ ತಗುಲಿ ಸತ್ತಿತು. ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಬಿಡುವಿನ ಬೇಲಿಗೂ ಎಲ್ಲಿಂದಲೋ ಬಿಡುವಿಲ್ಲದ ಕರೆಂಟು ಹತ್ತಬಹುದು ಎಂಬ ಸಂಶಯವೇ ಸಾಕು, ಬೇಲಿಯನ್ನು ನೋಡಿಕೊಳ್ಳುವವನು ಯಾರು ಎಂದು ಕೇಳಲು.

ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಕಲೆ ಇನ್ನೂ ಸಹಜವಾಗಿದೆ. ಅಲ್ಲಿ ಪಂಪ್‌ಹೌಸಿನ ಸ್ಟಾರ್ಟರ್ ಡಬ್ಬಿಗೆ ಅರ್ತ್ ತಂತಿ ಎಂಬುದು ಇದೆ ಎಂದು ಕೇಳಿರುತ್ತಾರೆ, ಅಷ್ಟೆ. ಗುಂಡಿ ಒತ್ತಲು ಒಂದು ಒಣ ಕೋಲನ್ನು ಗೋಡೆಗೆ ಆನಿಸಿಟ್ಟಿರುತ್ತಾರೆ. ಡಬ್ಬಿ ಸರಿಯಿಲ್ಲವೆಂದು ಇಡೀ ಮನೆಗೆ ಗೊತ್ತು ಎಂಬುದಕ್ಕೆ ಆ ಕೋಲೇ ಲಿಖಿತ ಸಾಕ್ಷಿ. ಹೊಸ ಆಳಿಗೆ ಮಾತ್ರ ಕೋಲಿನ ಕಥೆ ಯಾರೂ ಹೇಳಿರುವುದಿಲ್ಲ. ಫ್ಯೂಸು ಹಾರಿದಾಗಲೆಲ್ಲ ಒಂದೊಂದು ಎಳೆ ದಪ್ಪ ಮಾಡುತ್ತ ಹೋಗಿ, ಕೊನೆಗೆ ಮೋಟಾರು ಸುಟ್ಟರೂ ಫ್ಯೂಸು ಹಾರದ ಸಿದ್ಧಿಯನ್ನು ಸಾಧಿಸಿದವರಿದ್ದಾರೆ. ಕಾಯಿ ಕೀಳುವ ಬಿದಿರ ದೋಟಿ ಹಗುರವಲ್ಲವೆಂದು ಅಲ್ಯೂಮಿನಿಯಂ ಪೈಪು ತಂದವರೂ ಇದ್ದಾರೆ. ತೋಟದ ಮೇಲೆ ಹಾದ 11 ಕೆ.ವಿ. ಲೈನಿಗೆ ಅದು ತಗುಲಬೇಕೆಂದೂ ಇಲ್ಲ, ಹತ್ತಿರ ಹೋದರೆ ಅದೇ ಎದ್ದು ಬಂದು ಮಾತಾಡಿಸುತ್ತದೆ.

ಹೊಳೆನರಸೀಪುರದವರಿಗೆ ಕಂಬದ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ, ಊರ ದೇವರು ಹೊರಬಂದದ್ದೇ ಅದರೊಳಗಿಂದ. ಹೇಮಾವತಿಯ ನೀರೂ ಕನ್ನಂಬಾಡಿ ಸೇರಿ, 1902ರಲ್ಲೇ ಕೋಲಾರದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರಕ್ಕೆ ಹರಿದು ಹೋಗುವ ನೀರೇ. ಅಂದಮೇಲೆ ನಮ್ಮ ಹೊಳೆಯ ಕರೆಂಟಿನ ಮೇಲೆ ನಮಗೆ ಹಕ್ಕಿಲ್ಲವೇ ಎಂದು ಕೊಕ್ಕೆ ಹಾಕುವವರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಗಣೇಶನ ಪೆಂಡಾಲಿಗೆ ಕಂಬದಿಂದ ನೇರ ಕೊಕ್ಕೆ, ಅದಕ್ಕೆ ಟೇಪು ಸುತ್ತಿದ ಮೂರು ಗಂಟು, ಗಂಟಿನ ಮೇಲೆ ಮಳೆ, ಕೆಳಗೆ ಕಬ್ಬಿಣದ ಕುರ್ಚಿ. ಹಿರಣ್ಯಕಶಿಪು ಕಂಬಕ್ಕೆ ಗುದ್ದಿ ಕೇಳಿದ, ಇಲ್ಲಿದ್ದಾನೆಯೇ ಎಂದು. ಈಗಿನವರು ಗುದ್ದುವ ಅಗತ್ಯವೂ ಇಲ್ಲ.

ಸಾರ್ವಜನಿಕ ಪ್ರದರ್ಶನದಲ್ಲಿ ಹಾಸನವೇ ಮುಂದು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರದೆ ಇರುತ್ತದೆ ಎಂಬುದು ಭಕ್ತರ ನಂಬಿಕೆ. ಒಳಗಿನ ಆ ದೀಪಕ್ಕೆ ಕರೆಂಟು ಕಂಪನಿಯ ಹಂಗಿಲ್ಲ. ಹೊರಗಿನ ಅಲಂಕಾರಕ್ಕಿದೆ. 2023ರ ನವೆಂಬರ್ 10ರಂದು ದರ್ಶನದ ಸಾಲಿನಲ್ಲಿ ನಿಂತವರಿಗೆ ವಿದ್ಯುತ್ ತಂತಿಯಿಂದ ಶಾಕು ತಗುಲಿ, ಕರೆಂಟು ಕರೆಂಟು ಎಂಬ ಕೂಗೆದ್ದು, ನೂಕುನುಗ್ಗಲಾಗಿ ಹಲವರು ಗಾಯಗೊಂಡು ಆಸ್ಪತ್ರೆ ಸೇರಿದರು. ನೋಲೆ ಪಾದ್ರಿಯ ಸಾಲಿನಲ್ಲಿ ಇದ್ದದ್ದು 180 ಜನ, ಅವರನ್ನು ಪ್ರಯೋಗಕ್ಕೆಂದೇ ನಿಲ್ಲಿಸಲಾಗಿತ್ತು. ಇಲ್ಲಿ ಕೈಯಲ್ಲಿ ಹೂವು ಹಿಡಿದು ನಿಂತ ಹೆಂಗಸರಿಗೆ ಏನಾಗಲಿದೆಯೆಂದೇ ಗೊತ್ತಿರಲಿಲ್ಲ. ಶಾಕು ತಗುಲಿದವರ ಜೊತೆ ಶಾಕೆಂಬ ಮಾತು ತಗುಲಿದವರೂ ಬಿದ್ದರು. ಹತ್ತು ವರ್ಷ 'ಕರೆಂಟು' ಎಂದು ಹೆದರಿಸಿ ನಕ್ಕ ಜನರ ನಡುವೆ ಆ ಕೂಗು ನಿಜವೋ ತಮಾಷೆಯೋ ಎಂದು ನಿಂತು ಯೋಚಿಸುವವರು ಯಾರು?

ಇನ್ನೊಂದು ಪ್ರಕರಣವನ್ನು ಹೊಗಳುವ ಧಾಟಿಯಲ್ಲಿ ಬರೆಯಲು ಹೋಗಿ ಬಿಟ್ಟೆ. 2022ರ ಡಿಸೆಂಬರ್ 26ರಂದು ಹಾಸನದ ಕೆ.ಆರ್. ಪುರಂನ ಕೊರಿಯರ್ ಅಂಗಡಿಯಲ್ಲಿ ಒಂದು ಮಿಕ್ಸಿ ಸಿಡಿದು ಅಂಗಡಿಯವರ ಕೈ ಜರ್ಜರಿತವಾಯಿತು. ಯಾರಿಗೋ ಬಂದ ಪಾರ್ಸೆಲ್ಲು, ಬೇಡವೆಂದು ವಾಪಸಾದದ್ದು. ಭಯೋತ್ಪಾದನೆಯಲ್ಲ, ವೈಯಕ್ತಿಕ ದ್ವೇಷ ಎಂದರು ಪೊಲೀಸರು. ಅದು ಅಪರಾಧ, ತಮಾಷೆಯಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವವನು ನಾನಲ್ಲ. ಸಾಮಗ್ರಿ ಮಾತ್ರ ಒಂದೇ. ಪೆನ್ನಿನಲ್ಲಿ ಶಾಕು ಇಡುವವನಿಗೂ ಮಿಕ್ಸಿಯಲ್ಲಿ ಮದ್ದು ಇಡುವವನಿಗೂ ಬೇಕಾದದ್ದು ಎದುರಿನವನ ನಂಬಿಕೆ: ಇದು ಪೆನ್ನು, ಬರೆಯುತ್ತದೆ, ಇದು ಮಿಕ್ಸಿ, ಅರೆಯುತ್ತದೆ, ಇದು ಚಿಲಕ, ತೆರೆಯುತ್ತದೆ. ಸರಿ, ಮತ್ತೆ ಹೊಗಳಿಕೆಗೆ ಬರುತ್ತೇನೆ.

ದಾನಗಳಲ್ಲಿ ಶ್ರೇಷ್ಠವಾದದ್ದು ಗುಪ್ತದಾನ. ಪಡೆದವನಿಗೆ ಕೊಟ್ಟವನು ಯಾರೆಂದು ಗೊತ್ತಾಗಬಾರದು, ಕೊಟ್ಟವನಿಗೂ ಪಡೆದವನು ಯಾರೆಂದು ಗೊತ್ತಾಗಬಾರದು. ಇದನ್ನೂ ನಮ್ಮವರು ಸಾಧಿಸಿದ್ದಾರೆ. ಗಾಳಿಮಳೆಗೆ ಲೈನು ಹೋಗಿದೆ. ಲೈನ್‌ಮ್ಯಾನು ಟ್ರಾನ್ಸ್‌ಫಾರ್ಮರಿನ ಬಳಿ ಹೋಗಿ ಆಫ್ ಮಾಡಿಸಿ, ಕಂಬ ಹತ್ತಿದ್ದಾನೆ. ಅದೇ ಹೊತ್ತಿಗೆ ಒಂದು ಮನೆಯಲ್ಲಿ ಜನರೇಟರು ಗುಡುಗುಟ್ಟಲು ಶುರುವಾಗುತ್ತದೆ. ಚೇಂಜ್‌ಓವರ್ ಸ್ವಿಚ್ಚಿಗೆ ದುಡ್ಡು ದಂಡವೆಂದು, ಎರಡೂ ತುದಿಗೆ ಪಿನ್ನಿರುವ ಸ್ವಂತ ವಿನ್ಯಾಸದ ವೈರಿನಿಂದ ಗೋಡೆಯ ಸಾಕೆಟ್ಟಿಗೇ ಕರೆಂಟು ತಿರುಗಿಸಿದ್ದಾನೆ ಮನೆಯೊಡೆಯ. ಅದು ಅವನ ಮೀಟರು ದಾಟಿ, ಸರ್ವಿಸ್ ವೈರು ಹಿಡಿದು, ಕಂಬ ಸೇರುತ್ತದೆ. ಸತ್ತಿದೆಯೆಂದು ನಂಬಿದ ಲೈನು ಮೇಲಿದ್ದವನ ಕೈಯಲ್ಲಿ ಎದ್ದು ಕೂರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಉಲ್ಟಾ ಹೊಕ್ಕರೆ ಆಚೆ ಕಡೆ ಸಾವಿರಗಳಾಗಿ ಹೊರಡುತ್ತದೆ. ಮನೆಯೊಳಗೆ ಮಾತ್ರ ಸೀರಿಯಲ್ಲಿನ ಒಂದು ದೃಶ್ಯವೂ ತಪ್ಪಿರುವುದಿಲ್ಲ.

ಇಂಥವರ ಸಾಧನೆಯನ್ನು ರಾಷ್ಟ್ರ ಗಮನಿಸಿಲ್ಲವೆಂದಲ್ಲ. 2018ರಿಂದ 2021ರವರೆಗೆ ದೇಶದಲ್ಲಿ ವಿದ್ಯುದಾಘಾತಕ್ಕೆ ಪ್ರತಿ ವರ್ಷವೂ 12 ಸಾವಿರಕ್ಕಿಂತ ಹೆಚ್ಚು ಜನ ಸತ್ತದ್ದನ್ನು ಅಪರಾಧ ದಾಖಲೆ ಬ್ಯೂರೋ ಆಕಸ್ಮಿಕ ಸಾವುಗಳ ಪಟ್ಟಿಯಲ್ಲಿ ಬರೆದಿಟ್ಟಿದೆ. ಆಕಸ್ಮಿಕ! ವರ್ಷಗಟ್ಟಲೆ ಟೇಪು ಸುತ್ತಿ, ಫ್ಯೂಸು ದಪ್ಪ ಮಾಡಿ, ಕೋಲು ಆನಿಸಿಟ್ಟು ಕಾದವರ ಶ್ರಮಕ್ಕೆ ಇದಕ್ಕಿಂತ ಅವಮಾನ ಬೇಕೇ?

ಕಾನೂನು ಸ್ವಲ್ಪ ಗೌರವ ಉಳಿಸಿಕೊಂಡಿದೆ. ಕೊಕ್ಕೆಗೆ ವಿದ್ಯುತ್ ಕಾಯ್ದೆಯ 135ನೇ ಕಲಂ, ಮೂರು ವರ್ಷದವರೆಗೆ ಜೈಲು. ಬೇಲಿಗೆ ಆನೆ ಬಿದ್ದರೆ ವನ್ಯಜೀವಿ ಕಾಯ್ದೆ, ಮೂರರಿಂದ ಏಳು ವರ್ಷ. ಅಜಾಗರೂಕತೆಯಿಂದ ಮನುಷ್ಯ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಐದು ವರ್ಷದವರೆಗೆ; ಆನೆಗಿಂತ ಎರಡು ವರ್ಷ ಅಗ್ಗ ಎಂದು ದಾನಿಗಳು ಗಮನಿಸಬೇಕು. ಊಟ, ವಸತಿ, ಬಟ್ಟೆ ಎಲ್ಲ ಸರ್ಕಾರದ್ದೇ. ಅಲ್ಲಿ ಕರೆಂಟೂ ಪುಕ್ಕಟೆ, ಸೇವಾಸಿಂಧುವಿನ ಅರ್ಜಿ ಬೇಡ, ಸ್ವಿಚ್ ಬೋರ್ಡಿಗೆ ಕೈ ಹಾಕಲು ಮಾತ್ರ ಬಿಡುವುದಿಲ್ಲ.